ಪ್ರೇಕ್ಷಕನ ಪಕ್ಷಪಾತ

ಹಿಂದೆ ನನ್ನಲ್ಲಿ ಓದಿದ ಹುಡುಗನೊಬ್ಬನು ಈಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದಾನೆ. ರಜೆಗೆಂದು ಊರಿಗೆ ಬಂದವನು ನನ್ನನ್ನು ಕಾಣಲು ಬಂದು, ಕಾಫಿಯ ಲೋಟವನ್ನು ಕೆಳಗಿಟ್ಟು, "ಮೇಷ್ಟ್ರೇ, ನನ್ನಿಂದೊಂದು ತಪ್ಪಾಯಿತೆಂದು ತೋರುತ್ತದೆ, ಹೌದೋ ಅಲ್ಲವೋ ತಾವು ಹೇಳಬೇಕು" ಎಂದನು. ಅವನು ಹೇಳಿದುದು ಒಂದು ಕಾಲ್ಚೆಂಡಾಟದ ಸಂಗತಿ. ಆಟದಲ್ಲಿ ಧರ್ಮಾಧರ್ಮದ ಮಾತೇನು ಬಂತೆಂದು ವಾಚಕರು ನಗಬಹುದು. ಮೊದಲು ನಾನೂ ನಕ್ಕೆನು.

ಆ ನಗರದ ಆನ್‌ಫೀಲ್ಡ್ ಎಂಬ ಅಂಗಣವು 1884ರಿಂದ ಇದೆ. ಮೊದಲು ಅಲ್ಲಿ ಆಡುತ್ತಿದ್ದುದು ಎವರ್ಟನ್ ತಂಡ. ಬಾಡಿಗೆಯ ವ್ಯಾಜ್ಯದಿಂದ ಅವರು ಬಿಟ್ಟುಹೋಗಲು, ಬರಿದಾದ ಅಂಗಣಕ್ಕಾಗಿ 1892ರಲ್ಲಿ ಲಿವರ್‌ಪೂಲ್ ತಂಡವು ಹುಟ್ಟಿತು. ಬಾಡಿಗೆಯ ಜಗಳದಿಂದ ಒಂದು ಊರೇ ಕೆಂಪು, ನೀಲಿ ಎಂದು ಎರಡಾದುದು ನಮ್ಮ ದಾಯಾದಿ ವ್ಯಾಜ್ಯಗಳನ್ನು ಕಂಡವರಿಗೆ ಸೋಜಿಗವೇನಲ್ಲ. ಈಗ ಅಲ್ಲಿ 60 ಸಾವಿರಕ್ಕೂ ಮಿಕ್ಕ ಜನ ಕೂರಬಹುದು.

ಹುಡುಗನು ಯಾವ ಪಕ್ಷದವನೂ ಅಲ್ಲ. ಬರಲಾಗದ ಸಹಪಾಠಿಯ ಚೀಟಿಯಲ್ಲಿ ಹೋದವನು. ಆಟಕ್ಕೆ ಮೊದಲು ಜನರೆಲ್ಲ ಎದ್ದು ನಿಂತು ಹಾಡಿದ ಹಾಡು (1945ರ ಒಂದು ಅಮೇರಿಕದ ಸಂಗೀತನಾಟಕದಿಂದ ಬಂದುದು) ಅವನ ಮೈ ನವಿರೇಳಿಸಿತು. ಆದರೂ ಮೊದಲ ಕಾಲು ಗಂಟೆ 22 ಮಂದಿ ಓಡುವುದಲ್ಲದೆ ಬೇರೇನೂ ಕಾಣಲಿಲ್ಲವಂತೆ. ಅರ್ಧ ವಿರಾಮದ ಹೊತ್ತಿಗೆ ಅವನು ಕೆಂಪಿನವನಾಗಿದ್ದನು. ಆಗ ಆಟವೂ ಕಂಡಿತು. ಆಮೇಲೆ ಎದುರು ತಂಡದವನೊಬ್ಬನು ಮೊಣಕಾಲು ಹಿಡಿದು ಬಿದ್ದನು. ಹೊತ್ತು ಕಳೆಯುವ ನಟನೆಯೆಂದು ಜನ ಕೂಗಿತು. ಇವನೂ ಕೂಗಿದನು. ಕೂಗಿದುದಷ್ಟೇ ಅಲ್ಲ, ಅವನು ಏಳದಿದ್ದರೇ ಒಳ್ಳೆಯದೆಂದು ಒಳಗೊಳಗೇ ಸಂತೋಷಪಟ್ಟನು. ಪಕ್ಕದಲ್ಲಿ ಒಬ್ಬ ವೃದ್ಧ, ಬಾಲ್ಯದಿಂದಲೂ ಅಲ್ಲಿಗೆ ಬರುತ್ತಿರುವವನು. ಅಷ್ಟು ಹೊತ್ತೂ ತೀರ್ಪುಗಾರನನ್ನು ವಂಶವೆತ್ತಿ ಬೈಯುತ್ತಿದ್ದ ಅವನು, ಸ್ಟ್ರೆಚರ್ ಬಂದುದನ್ನು ಕಂಡು ಮಾತು ನಿಲ್ಲಿಸಿ, ಎದ್ದು ನಿಂತು ಚಪ್ಪಾಳೆ ತಟ್ಟಿದನು. ಸುತ್ತಲಿನವರೂ ತಟ್ಟಿದರು. ಹುಡುಗನ ಕೈ ಮಾತ್ರ ಏಳಲಿಲ್ಲ. "ನಾಚಿಕೆಯಿಂದಲ್ಲ, ಮೇಷ್ಟ್ರೇ. ಆಗಲೂ ನನಗೆ ಸಿಟ್ಟೇ ಇತ್ತು. ನಾಚಿಕೆಯಾದುದು ರಾತ್ರಿ."

ಪಾಠಶಾಲೆಯಲ್ಲಿ ಕಲಿತ ಉತ್ತರವನ್ನೇ ನಾನು ಕೊಟ್ಟೆನು. ರಂಗದ ಮೇಲಿನದನ್ನು ತನ್ನದು, ಪರರದು ಎಂದು ಕಟ್ಟಿಕೊಂಡು ನೋಡುವುದು ರಸಕ್ಕೆ ವಿಘ್ನವೆಂದು ಅಭಿನವಗುಪ್ತನು ಹೇಳಿದ್ದಾನೆ. ನೀನು ಪಕ್ಷ ಹಿಡಿದುದೇ ದೋಷ, ಎಂದೆನು. ಅವನು ತಲೆಬಾಗಿ ಹೋದನು. ಆ ಉತ್ತರವು ನನ್ನನ್ನು ನಿದ್ದೆಮಾಡಗೊಡಲಿಲ್ಲ. ಅದೇ ಆಚಾರ್ಯನು ತಾಟಸ್ಥ್ಯವನ್ನೂ ಒಪ್ಪಿಲ್ಲವೆಂಬುದನ್ನು ನಾನು ಮರೆಮಾಡಿದ್ದೆನು. ಅದೂ ಅಲ್ಲದೆ ಚೆಂಡಾಟವು ನಾಟಕವಲ್ಲ. ಅಲ್ಲಿ ಮುರಿಯುವುದು ನಿಜವಾದ ಮೊಣಕಾಲು. ಪಕ್ಷವೇ ದೋಷವಾದರೆ ಅಂದು ಅಲ್ಲಿದ್ದವರಲ್ಲಿ ಗಟ್ಟಿ ಪಕ್ಷಪಾತಿ ಆ ವೃದ್ಧನು. ಮೊದಲು ಎದ್ದವನೂ ಅವನೇ. ಒಂದು ಗಂಟೆಯ ಪ್ರೀತಿಯವನು ತನ್ನ ಪ್ರೀತಿಯನ್ನು ತನಗೇ ನಂಬಿಸಿಕೊಳ್ಳಲು ದ್ವೇಷವನ್ನು ಸಾಕ್ಷಿಗೆ ಕರೆಯುತ್ತಾನೆಂದು ತೋರುತ್ತದೆ.

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಅಂಗಣದ ಇಕ್ಕಟ್ಟಿನಲ್ಲಿ ಸಿಕ್ಕಿ ಲಿವರ್‌ಪೂಲ್ ಪಕ್ಷದ 97 ಮಂದಿ ಪ್ರಾಣ ಕಳೆದುಕೊಂಡರು. ತಪ್ಪು ಪ್ರೇಕ್ಷಕರದಲ್ಲವೆಂದು ಜ್ಯೂರಿಯವರು ಹೇಳಲು 2016 ಬರಬೇಕಾಯಿತು. ಆ ದುರಂತದ ಮುಂದಿನ ವಾರ ಕೆಂಪು, ನೀಲಿ ಕೊರಳವಸ್ತ್ರಗಳನ್ನು ಒಂದಕ್ಕೊಂದು ಗಂಟುಹಾಕಿ, ಆಗ ಎವರ್ಟನ್ ತಂಡದ ನೆಲೆಯಾಗಿದ್ದ ಗುಡಿಸನ್ ಪಾರ್ಕಿನಿಂದ ಆನ್‌ಫೀಲ್ಡಿನವರೆಗೆ, ಸುಮಾರು ಒಂದು ಮೈಲಿ, ಎಳೆದು ಕಟ್ಟಿದರು. ತಟಸ್ಥನಾಗಿದ್ದರೆ ಗಂಟುಹಾಕಲು ಅವನ ಕೊರಳಲ್ಲಿ ವಸ್ತ್ರವೇ ಇರುತ್ತಿರಲಿಲ್ಲ.

ಇದಕ್ಕೆ ಬಾಧಕವೂ ಉಂಟು. 1985ರ ಮೇ 29ರಂದು ಬ್ರಸೆಲ್ಸಿನ ಹೇಸೆಲ್ ಅಂಗಣದಲ್ಲಿ ಇದೇ ತಂಡದ ಅಭಿಮಾನಿಗಳು ಎದುರು ಪಕ್ಷದವರ ಮೇಲೆ ನುಗ್ಗಲು, ಹಿಂದೆ ಸರಿದವರ ಒತ್ತಡಕ್ಕೆ ಗೋಡೆ ಕುಸಿದು 39 ಮಂದಿ ಸತ್ತರು, ಹೆಚ್ಚಿನವರು ಇಟಲಿಯವರು. ನುಗ್ಗಿದವರೆಲ್ಲ ಒಂದು ಗಂಟೆಯ ಪ್ರೀತಿಯವರೇ? ಹಾಗೆನ್ನಲಾರೆ. ಕಾಲವೊಂದೇ ಪಕ್ಷಪಾತವನ್ನು ತೊಳೆಯುವುದೆಂಬ ವಾದವು ನಿಲ್ಲದು. ಬಿದ್ದವನೂ ಆಟದವನೇ, ಅವನಿಲ್ಲದೆ ತನ್ನವರಿಗೂ ಆಟವಿಲ್ಲ ಎಂಬ ತಿಳಿವು ಆ ವೃದ್ಧನನ್ನು ಎಬ್ಬಿಸಿರಬಹುದು.

ನಾನು ಮೇಷ್ಟರಾಗಿದ್ದಾಗ ಒಂದು ತಾಲ್ಲೂಕು ಕಬಡ್ಡಿ ಪಂದ್ಯದಲ್ಲಿ ಎದುರು ಶಾಲೆಯ ಹುಡುಗನು ಕುಂಟುತ್ತ ಹೊರಗೆ ಹೋಗಲು, ನಮ್ಮ ಹುಡುಗರ ಮುಂದೆಯೇ ಹಿಗ್ಗಿನಿಂದ ಕೈ ತಟ್ಟಿದ್ದೆನು.

ಹೊರಡುವ ಮುನ್ನ ಹುಡುಗನು ಮತ್ತೊಮ್ಮೆ ಬಂದನು. ಕೊಟ್ಟ ಉತ್ತರವನ್ನು ಹಿಂತೆಗೆದುಕೊಂಡು ಕಬಡ್ಡಿಯ ಸಂಗತಿಯನ್ನೂ ಅವನಿಗೆ ಹೇಳಿದೆನು. ಆ ವೃದ್ಧನ ಹೆಸರೇನೆಂದು ಕೇಳಿದರೆ, ವಿಚಾರಿಸಲಿಲ್ಲವೆಂದನು. ಇನ್ನೊಂದು ಚೀಟಿ ದೊರೆಯುವ ಸಂಭವವಿದೆಯಂತೆ. ಆ ಸಾಲಿನಲ್ಲೇ ದೊರೆತರೆ ಕೇಳಿ ತಿಳಿಸುವನಂತೆ.