ಸಾವಿನ ಲೆಕ್ಕ ಹೇಳೋದು ಹೇಗೆ?

ಅಮೆರಿಕದಲ್ಲಿ ಕಪ್ಪು ಜನರು ತಮ್ಮವರಿಗಾಗಿ ತಾವೇ ನಡೆಸುವ ಪತ್ರಿಕೆಗಳಿವೆ. 1827ರಲ್ಲಿ ನ್ಯೂಯಾರ್ಕಿನಲ್ಲಿ 'ಫ್ರೀಡಮ್ಸ್ ಜರ್ನಲ್' ಶುರುವಾದಾಗಿನಿಂದ ಬಂದ ಪರಂಪರೆ ಇದು. ಈಗ ಹೆಚ್ಚಿನವು ವಾರಪತ್ರಿಕೆಗಳು. ಚರ್ಚು, ಸ್ಕೂಲು, ಸಾವು, ಮದುವೆ ಎಲ್ಲವನ್ನೂ ಬೆರಳೆಣಿಕೆಯ ಜನವೇ ಬರೀಬೇಕು. ಅಲ್ಲಿ ಕ್ಯಾನ್ಸರಿಗೇ ಅಂತ ಒಬ್ಬ ವರದಿಗಾರ ಎಲ್ಲಿಂದ ಬರ್ಬೇಕು?

ಅದಕ್ಕೆ ಮಿಸ್ಸೌರಿಯ ಸಂಶೋಧಕರು 'ಒಜಿಯೋಮಾ' ಅನ್ನೋ ಸುದ್ದಿಸೇವೆ ಕಟ್ಟಿದ್ರು. ಇಗ್ಬೋ ಭಾಷೆಯಲ್ಲಿ 'ಒಳ್ಳೇ ಸುದ್ದಿ' ಅಂತ ಅರ್ಥ. (ಕ್ಯಾನ್ಸರ್ ಸುದ್ದಿಗೆ ಇಂಥ ಹೆಸರು!) ವರದಿಯ ಚೌಕಟ್ಟು ಒಂದೇ, ಅಂಕಿ-ಅಂಶ ಮಾತ್ರ ಆಯಾ ಊರಿನದು. ನಮ್ಮ ಕೆಲಸದಲ್ಲಿ ಟೆಂಪ್ಲೇಟ್ ಅಂತೀವಲ್ಲ, ಅದೇ.

ಆದರೆ ಯಾವ ಅಂಕಿ ಹಾಕೋದು? ಅಲ್ಲಿ ಕಪ್ಪು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರೋದು ಬಿಳಿಯರಿಗಿಂತ ತುಸು ಕಡಿಮೆ. ಅದರಿಂದ ಸಾಯೋದು ಮಾತ್ರ ಸುಮಾರು 40% ಹೆಚ್ಚು. ಇದನ್ನ ಬರೀದೇ ಬಿಟ್ರೆ ಅನ್ಯಾಯ ಮುಚ್ಚಿಟ್ಟ ಹಾಗೆ. ಬರೆದ್ರೆ? ಕರುಳಿನ ಕ್ಯಾನ್ಸರ್ ಕುರಿತು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 'ಬಿಳಿಯರಿಗಿಂತ ನಿಮ್ಮ ಸ್ಥಿತಿ ಕೆಟ್ಟದಾಗಿದೆ' ಅಂತ ಓದಿದವರಿಗಿಂತ 'ನಿಮ್ಮವರಲ್ಲಿ ಸುಧಾರಣೆ ಆಗ್ತಿದೆ' ಅಂತ ಓದಿದ ಕಪ್ಪು ಜನರಿಗೇ ತಪಾಸಣೆ ಮಾಡಿಸ್ಕೊಳ್ಳೋ ಮನಸ್ಸು ಹೆಚ್ಚು ಬಂತು. ನನಗೇನೂ ಆಶ್ಚರ್ಯ ಆಗ್ಲಿಲ್ಲ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ಕಪ್ಪು ಗಂಡಸರ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ನೋಡ್ತಾ ಕೂತಿದ್ದ ದೇಶ ಅದು. ಅಂಥವರಿಗೆ ಇನ್ನೊಂದು ಕೆಟ್ಟ ಅಂಕಿ ತೋರಿಸಿದ್ರೆ, ನಮ್ಮ ಹಣೇಬರಹವೇ ಇಷ್ಟು ಅಂತ ಪೇಪರ್ ಮಡಚಿ ಇಡೋದು ಸಹಜ.

ಹಾಗಾದ್ರೆ ಒಳ್ಳೇದನ್ನಷ್ಟೇ ಹೇಳೋಣವಾ? ಇದನ್ನ ನಾನು ಒಪ್ಪಲ್ಲ. ಎಷ್ಟು ಜನ ತಪಾಸಣೆಗೆ ಹೊರಟ್ರು ಅನ್ನೋದೊಂದನ್ನೇ ಅಳೆದ್ರೆ, ಓದುಗ ಬರೀ ರೋಗಿ ಆಗ್ಬಿಡ್ತಾನೆ. ಅವನು ಓಟು ಹಾಕೋನೂ ಹೌದು. ಅವನಿಗೆ ಸಿಟ್ಟು ಬರೋ ಹಕ್ಕಿದೆ. 1827ರ ಆ ಪತ್ರಿಕೆ ಹುಟ್ಟಿದ್ದೂ ಸಿಟ್ಟಿನಿಂದಲೇ. ಅವನ ಒಳ್ಳೇದಕ್ಕೇ ಅಂತ ಅವನ ಲೆಕ್ಕವನ್ನು ಅವನಿಂದಲೇ ಮುಚ್ಚಿಡೋಕೆ ನಾವ್ಯಾರು?

ನನ್ನ ತಕರಾರು ಇರೋದು 40% ಅನ್ನೋದನ್ನ ಚರ್ಮದ ಬಣ್ಣದ ಗುಣ ಅನ್ನೋ ಹಾಗೆ ಬರೆಯೋದರ ಬಗ್ಗೆ. 'ಟ್ರಿಪಲ್ ನೆಗೆಟಿವ್' ಅನ್ನೋ ಹಠಮಾರಿ ಬಗೆ ಅವರಲ್ಲಿ ಹೆಚ್ಚು, ನಿಜ. ಅದೊಂದರಿಂದಲೇ ಇಷ್ಟು ಅಂತರ ಬರಲ್ಲ. ರೋಗ ಗೊತ್ತಾಗೋದು ತಡ, ಚಿಕಿತ್ಸೆ ಶುರುವಾಗೋದು ತಡ, ಎಷ್ಟೋ ಜನಕ್ಕೆ ವಿಮೆ ಇಲ್ಲ. ಈ ಕಾರಣಗಳು ಅಂಕಿಯ ಪಕ್ಕದ ಸಾಲಲ್ಲೇ ಬರ್ಲಿ. ಅದರ ಕೆಳಗೆ, ಆ ಊರಲ್ಲಿ ದುಡ್ಡಿಲ್ಲದೆ ಮ್ಯಾಮೊಗ್ರಾಮ್ ಮಾಡೋ ಕ್ಲಿನಿಕ್ ಇದ್ರೆ ಅದರ ಫೋನ್ ನಂಬರ್. ಇಲ್ಲದಿದ್ರೆ, ಯಾಕಿಲ್ಲ ಅಂತ ಮುಂದಿನ ವಾರದ ವರದಿ.