ನಿಲಯದ ನಿಯಮವೂ ಮನೆಯ ಆಚಾರವೂ



ಪ್ರತಿವರ್ಷವೂ ಶಾಲೆಗಳು ತೆರೆಯುವ ಕಾಲಕ್ಕೆ ನಮ್ಮ ಮಠಗಳ ಅಂಗಳದಲ್ಲಿ ಒಂದು ನೋಟ ಕಾಣಸಿಗುತ್ತದೆ. ಪೆಟ್ಟಿಗೆ ಹೊತ್ತ ತಂದೆ. ಅವನ ಬೆರಳು ಹಿಡಿದು ನಿಂತ ಎಂಟು ಹತ್ತು ವರ್ಷದ ಬಾಲಕ. ಪ್ರಸಾದನಿಲಯದವರು ನಿಯಮಾವಳಿಯ ಹಾಳೆಯನ್ನು ಮುಂದಿಡುತ್ತಾರೆ. ತಂದೆಯು ಅದನ್ನು ಓದದೆಯೇ ರುಜು ಹಾಕಿ, "ಬುದ್ಧೀ, ಇವನನ್ನು ದಾರಿಗೆ ತನ್ನಿ, ಬೇಕಾದರೆ ನಾಲ್ಕು ಏಟು ಹಾಕಿ" ಎಂದು ಕೈಮುಗಿದು ಹೊರಟುಹೋಗುತ್ತಾನೆ. ತನ್ನ ಹೊಣೆ ಅಲ್ಲಿಗೆ ತೀರಿತೆಂಬುದು ಅವನ ಭಾವನೆ. ಈ ಭಾವನೆಯನ್ನು ಕುರಿತೇ ಇಂದು ಕೆಲವು ಮಾತುಗಳನ್ನು ಆಡಬೇಕೆನಿಸಿದೆ.

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ನೆಲೆಗೊಳಿಸಿ ವಟುಗಳ ಶಿಕ್ಷಣಕ್ಕೆ ಅಡಿಗಲ್ಲನ್ನಿಟ್ಟರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ತುಮಕೂರಿನ ಸಿದ್ಧಗಂಗೆಯ ಹೆಸರನ್ನು ಅರಿಯದವರು ನಾಡಿನಲ್ಲಿ ಯಾರಿದ್ದಾರೆ? ಇಂತಹ ನಿಲಯಗಳನ್ನು ನಮ್ಮ ಹಿರಿಯರು ಊಟದ ಮನೆಯೆಂದು ಕರೆಯದೆ ಪ್ರಸಾದನಿಲಯವೆಂದು ಕರೆದುದು ವಿಚಾರಮಾಡತಕ್ಕ ಸಂಗತಿಯಾಗಿದೆ. ಊಟಕ್ಕೆ ಬೆಲೆ ಕಟ್ಟಬಹುದು. ಪ್ರಸಾದಕ್ಕೆ ಬೆಲೆಯಿಲ್ಲ, ಆದರೆ ಅದನ್ನು ಸ್ವೀಕರಿಸುವುದಕ್ಕೊಂದು ಕ್ರಮವುಂಟು. ಆ ಕ್ರಮವೇ ನಿಲಯದ ನಿಯಮಗಳ ಮೂಲ.

ಸೂರ್ಯೋದಯಕ್ಕೆ ಮುನ್ನ ಏಳುವುದು, ಸ್ನಾನ, ಪ್ರಾರ್ಥನೆ, ಓದಿನ ವೇಳೆ, ಅಪ್ಪಣೆಯಿಲ್ಲದೆ ಹೊರಗೆ ಹೋಗದಿರುವುದು, ಇವು ಎಲ್ಲ ನಿಲಯಗಳಲ್ಲಿಯೂ ಇರತಕ್ಕವೇ. ಇವುಗಳಿಗಿಂತ ಆಳವಾದ ನಿಯಮವೊಂದಿದೆ: ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಕೂಡದು. ಬಾಲಕನಿಗೆ ಇದು ಕಾಟವೆನಿಸಬಹುದು. ಅವನಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಬೇಕು. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಆಗ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದುಬರುವಂತೆ ಹೇಳಿದಳು. ಬಡತನದ ಮನೆಯಲ್ಲಿ ಬಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳೆಂಬುದನ್ನು ಮರೆಯಬಾರದು. ಬೇಕಾದಷ್ಟನ್ನೇ ನೀಡಿಸಿಕೊಳ್ಳುವ, ನೀಡಿಸಿಕೊಂಡುದನ್ನು ಚೆಲ್ಲದಿರುವ ವಿದ್ಯೆ ಅವಳದು. ಒಂದು ಹಳ್ಳಿಯ ಒಕ್ಕಲಿನ ಕಣದಿಂದ ಬಂದ ರಾಗಿ ತನ್ನ ತಟ್ಟೆಯನ್ನು ಸೇರಿದೆಯೆಂದು ತಿಳಿದ ಹುಡುಗನಿಗೆ ಈ ನಿಯಮವನ್ನು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಇನ್ನು ದಂಡನೆಯ ಮಾತು. ಬೆತ್ತದಿಂದ ಬಂದ ಶಿಸ್ತು ಬೆತ್ತವಿರುವಲ್ಲಿ ಮಾತ್ರ ಇರುತ್ತದೆ. 2009ರ ಶಿಕ್ಷಣದ ಹಕ್ಕಿನ ಕಾಯ್ದೆಯ 17ನೆಯ ಪ್ರಕರಣವು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವುದನ್ನೂ ನಿಷೇಧಿಸಿದೆ. ಕಾಯ್ದೆ ಬರುವವರೆಗೆ ನಾವು ಕಾಯಬೇಕಾಗಿತ್ತೇ? ದಯೆಯನ್ನು ಧರ್ಮದ ಬೇರೆಂದು ಸಾರಿದ ಶರಣರ ಮಕ್ಕಳಲ್ಲವೇ ನಾವು! ಹಾಗೆಂದು ತಪ್ಪನ್ನು ತಪ್ಪೆನ್ನದೆ ಬಿಡುವುದೂ ದಯೆಯಲ್ಲ. ತಪ್ಪಿದವನನ್ನು ಏಕಾಂತದಲ್ಲಿ ಕರೆದು ಕುಳ್ಳಿರಿಸಿ, ಅವನ ನಡತೆಯಿಂದ ನೊಂದವರಾರೆಂಬುದನ್ನು ಅವನ ಬಾಯಿಂದಲೇ ಹೇಳಿಸಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಬೆತ್ತಕ್ಕೆ ಹೊತ್ತು ಬೇಕಿಲ್ಲ. ಬೆತ್ತದ ಮೇಲಿನ ಮೋಹಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಕೆಲವೆಡೆ ತಪ್ಪು ಮಾಡಿದ ಹುಡುಗನಿಂದ ಅಂಗಳ ಗುಡಿಸಿಸುವ ವಾಡಿಕೆಯುಂಟು. ಇದು ನಮಗೆ ಒಪ್ಪಿಗೆಯಿಲ್ಲ. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು ಶರಣೆ ಸತ್ಯಕ್ಕನ ಕಾಯಕವಾಗಿತ್ತು. ಅದನ್ನೇ ಶಿಕ್ಷೆಯಾಗಿ ವಿಧಿಸಿದರೆ, ಕಸಬರಿಗೆ ಹಿಡಿಯುವವನು ಕೀಳೆಂಬ ಪಾಠವನ್ನು ನಾವೇ ಕಲಿಸಿದಂತಾಗಲಿಲ್ಲವೇ? ಗುಡಿಸುವ ಸರದಿ ಎಲ್ಲರಿಗೂ ಬರಲಿ, ಒಳ್ಳೆಯ ಹುಡುಗನಿಗೂ ಬರಲಿ, ಮೇಲ್ವಿಚಾರಕನಿಗೂ ಬರಲಿ.

ನಿಯಮವನ್ನು ಹೇಳುವವನು ನಿಯಮದೊಳಗೆ ಇರಬೇಕು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 1941ರಲ್ಲಿ ಮಠದ ಹೊಣೆಯನ್ನು ಹೊತ್ತರು. ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರ ಕಾಲದಲ್ಲಿ ಅಲ್ಲಿ ಆಶ್ರಯ ಪಡೆದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಏರಿತು. ಹಗಲಿರುಳು ಎಚ್ಚರದಿಂದ ದುಡಿಯುವ ಆ ಹಿರಿಯ ಜೀವವನ್ನು ಕಣ್ಣೆದುರು ಕಂಡ ಮಕ್ಕಳಿಗೆ ಬೇಗನೆ ಏಳಿರೆಂದು ಉಪದೇಶಿಸುವ ಅಗತ್ಯವಿತ್ತೇ? 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಅವರ ಇಚ್ಛೆಯಂತೆ ಮಕ್ಕಳ ಊಟ ಮುಗಿದ ಮೇಲೆಯೇ ಆ ವಾರ್ತೆಯನ್ನು ಪ್ರಕಟಿಸಲಾಯಿತು.

ಈಗ ಗೃಹಸ್ಥರಾದ ನಿಮ್ಮ ಕಡೆಗೆ ಬರೋಣ. ದಸರೆಯ ರಜೆಗೆ ಮಗನು ಮನೆಗೆ ಬರುತ್ತಾನೆ. ಮೊದಲ ದಿನ ಅಭ್ಯಾಸಬಲದಿಂದ ನಸುಕಿನಲ್ಲಿಯೇ ಎದ್ದು ಕುಳಿತುಕೊಳ್ಳುತ್ತಾನೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. "ಪಾಪ, ಮಲಗಲಿ ಮಗು" ಎನ್ನುತ್ತಾಳೆ ತಾಯಿ. ಇಷ್ಟಲಿಂಗಪೂಜೆಗೆ ಕುಳಿತರೆ ತಂದೆಯ ಕೈಯಲ್ಲಿ ಮೊಬೈಲು. ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದವನು ಅಣ್ಣನಾದುದರಿಂದ ಯಾರೂ ಮಾತನಾಡುವುದಿಲ್ಲ. ನಾಲ್ಕು ತಿಂಗಳು ನಿಲಯದಲ್ಲಿ ಕಟ್ಟಿದ್ದು ಹತ್ತು ದಿನದಲ್ಲಿ ಸಡಿಲವಾಗುತ್ತದೆ. ಇಷ್ಟಾದರೂ ಸಹಿಸಬಹುದು, ಇದಕ್ಕಿಂತ ದೊಡ್ಡ ಕೇಡೊಂದಿದೆ.

ಮಗನು ನಿಲಯದ ಗೆಳೆಯನೊಬ್ಬನನ್ನು ಕರೆತಂದಿರುತ್ತಾನೆ. ಅಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ, ಒಂದೇ ಚಾಪೆಯ ಮೇಲೆ ಕುಳಿತು ಉಂಡವರು. ಇವನ ತಟ್ಟೆಯನ್ನು ಅವನು, ಅವನ ತಟ್ಟೆಯನ್ನು ಇವನು ತೊಳೆದವರು. ಮನೆಯ ಹಿರಿಯರು ಆ ಬಾಲಕನ ಓದನ್ನು ಕೇಳುವುದಿಲ್ಲ, ಊರನ್ನು ಕೇಳುತ್ತಾರೆ. ಊರಿನ ಹಿಂದೆಯೇ ಕುಲವನ್ನು ಕೇಳುತ್ತಾರೆ. ಉತ್ತರ ಬಂದ ಮೇಲೆ ಎಲೆಯನ್ನು ಪಡಸಾಲೆಯಲ್ಲಿ ಹಾಸುತ್ತಾರೆ. ಪಂಚಾಚಾರಗಳನ್ನು ಬಾಯಿಪಾಠ ಒಪ್ಪಿಸಬಲ್ಲ ಮನೆಗಳಲ್ಲಿಯೂ ಹೀಗೆ ನಡೆಯುತ್ತದೆಯೆಂಬುದು ವ್ಯಥೆಯ ಸಂಗತಿ. ಆ ಹೊತ್ತು ನಮ್ಮ ಮಗನು ಯಾವ ಎಲೆಯ ಮುಂದೆ ಕುಳಿತುಕೊಳ್ಳಬೇಕು? ನಿಲಯದ ನಿಯಮವನ್ನು ಪಾಲಿಸಿದರೆ ಹಿರಿಯರನ್ನು ಮೀರಿದಂತೆ. ಹಿರಿಯರಿಗೆ ತಲೆಬಾಗಿದರೆ ಗೆಳೆಯನನ್ನು ಕೈಬಿಟ್ಟಂತೆ. ಹತ್ತು ವರ್ಷದ ಎಳೆಯ ಜೀವವನ್ನು ಈ ಇಕ್ಕಟ್ಟಿಗೆ ನೂಕಿದವರು ನಿಲಯದವರಲ್ಲ.

"ನಾವು ದುಡಿಯುವ ಜನ, ಮಠದ ವೇಳಾಪಟ್ಟಿ ಮನೆಗೆ ಹೊಂದುವುದಿಲ್ಲ" ಎಂದು ಕೆಲವರು ಹೇಳುತ್ತಾರೆ. ಅಹುದು, ಗಂಟೆಯ ಲೆಕ್ಕವು ಹೊಂದಲಾರದು. ಹೊಲಕ್ಕೆ ಹೋಗುವವರ ಹೊತ್ತೇ ಬೇರೆ. ಒಂದೇ ಪಂಕ್ತಿಯಲ್ಲಿ ಉಣ್ಣುವುದಕ್ಕೆ ಗಂಟೆಯ ಹಂಗಿಲ್ಲ. ಈ ಸಲದ ರಜೆಯಲ್ಲಿ ಮಗನ ಗೆಳೆಯನು ಬಂದರೆ ಊಟದ ಎಲೆಗಳನ್ನು ಹಾಸುವ ಕೆಲಸವನ್ನು ಮಗನಿಗೇ ಬಿಟ್ಟುಕೊಡಿರಿ; ಅವನು ಹಾಸಿದ ಸಾಲಿನಲ್ಲಿ ಮನೆಯ ಯಜಮಾನನು ಮೊದಲು ಕುಳಿತುಕೊಳ್ಳಲಿ.