ವೈದ್ಯರ ಚೀಲದಲ್ಲಿ ಪೂಜ್ಯವಾದದ್ದು ಯಾವುದು?

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರಲ್ಲಿ ಶುರುವಾದ ಮೇಲೆ ಭಾರತ ಉಪಖಂಡದ ಅನೇಕ ವೈದ್ಯರು ವೇಲ್ಸ್‌ನ ಗಣಿ ಊರುಗಳಲ್ಲಿ ಕುಟುಂಬ ವೈದ್ಯರಾದರು. ಅವರ ಸ್ಟೆತಾಸ್ಕೋಪು, ಪಾದರಸದ ಬಿ.ಪಿ. ಯಂತ್ರ ಬರಿಯ ಸಾಮಾನೋ, ಪೂಜೆಗೆ ಅರ್ಹವೋ? ಆಯುಧಪೂಜೆಯಂದು ಕುಂಕುಮ ಹಚ್ಚುವ ಕೈ ಪೂಜೆಗೆ ಅರ್ಹವೆನ್ನುತ್ತದೆ. ಶರಣರ ಕಾಯಕ ದೃಷ್ಟಿ ಇನ್ನೂ ಆಳಕ್ಕಿಳಿದು ಪಾವಿತ್ರ್ಯವನ್ನು ದುಡಿಮೆಯಲ್ಲಿ ಕಾಣುತ್ತದೆ, ಅದೇ ಸರಿ.

1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯ ಹೆಣ್ಣುಮಗಳೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದ. ಹೀಗೆ ದೂರ ಕಾಯ್ದುಕೊಳ್ಳಲು ಹುಟ್ಟಿದ ಸ್ಟೆತಾಸ್ಕೋಪು, ಪರದೇಶದ ವೈದ್ಯರನ್ನು ಗಣಿಕಾರ್ಮಿಕನ ದೂಳು ತುಂಬಿದ ಎದೆಯ ಹತ್ತಿರಕ್ಕೆ ಒಯ್ದಿತು. ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗಾಗಿಸಿ ಎದೆಗಿಡುವ ಆ ಕಾಳಜಿಯೇ ಕಾಯಕ. ಪಾದರಸದ ಯಂತ್ರಗಳು ಈಗ ಬಳಕೆ ತಪ್ಪುತ್ತಿವೆ. ಕಾಯಕದ ಲೆಕ್ಕದಲ್ಲಿ ಅವನ್ನು ಬಿಟ್ಟುಕೊಡುವುದು ಅಪಚಾರವಲ್ಲ.